ಬದಲಿಯಾಗಿ ಬಂದವನು, ಬಾಗಿಲಲ್ಲಿ ಕಾದವನು

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಸೇರುವ ತರುಣರು ಕ್ರಿಕೆಟ್ಟಿನ ಹೊರತು ಬೇರೆ ಯಾವುದಕ್ಕೂ ದನಿಯೇರಿಸುವವರಲ್ಲ. ಆದರೆ 2024ರ ನವೆಂಬರ್ ತಿಂಗಳಲ್ಲಿ ಒಂದು ಸಂಜೆ ಅಲ್ಲಿ ಮೋಟಾರ್ ಸೈಕಲ್ ಓಟದ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಹಿಂದಿನ ವಾರ ಬಾರ್ಸೆಲೋನಾದಲ್ಲಿ ಆ ವರ್ಷದ ಕಡೆಯ ಗ್ರ್ಯಾನ್ ಪ್ರಿ ಮುಗಿದು, ಸ್ಪೇನಿನ ಹೋರ್ಹೆ ಮಾರ್ಟಿನ್ ವಿಶ್ವವಿಜೇತನಾಗಿದ್ದ. ಆತ ಓಡಿಸುತ್ತಿದ್ದುದು ಇಟಲಿಯ ಡುಕಾಟಿ ಕಂಪೆನಿಯ ಗಾಡಿಯೇ. ಆದರೆ ಆತ ಕಂಪೆನಿಯ ಸ್ವಂತ ತಂಡದವನಲ್ಲ. ಕಂಪೆನಿಯಿಂದ ಗಾಡಿ ಪಡೆದು ಓಡಿಸುವ ಪ್ರಾಮಾಕ್ ಎಂಬ ಇನ್ನೊಂದು ತಂಡದವನು. ಕಂಪೆನಿಯ ತಂಡದಲ್ಲಿ ಒಂದು ಸ್ಥಾನ ಸಿಗಲೆಂದು ಆತ ಕಾದಿದ್ದ. 2022ರಲ್ಲಿ ಆ ಸ್ಥಾನ ಬಾಸ್ತಿಯಾನಿನಿ ಎಂಬವನಿಗೆ ಹೋಯಿತು. 2024ರ ಜೂನ್‌ನಲ್ಲಿ ಅದೇ ಸ್ಥಾನ ಮತ್ತೆ ತೆರವಾದಾಗ ಮಾರ್ಕ್ ಮಾರ್ಕೆಸ್‌ಗೆ ಹೋಯಿತು. ಹೀಗೆ ಎರಡು ಸಲ ಬಾಗಿಲು ಹಾಕಿಸಿಕೊಂಡವನು, ಐದು ತಿಂಗಳ ಅನಂತರ, ಅದೇ ಕಂಪೆನಿಯ ಮುಖ್ಯ ಸವಾರ ಬಾನ್ಯಾಯಾನನ್ನು 10 ಅಂಕಗಳಿಂದ ಹಿಂದೆ ಹಾಕಿ ಪ್ರಶಸ್ತಿ ಪಡೆದಿದ್ದ.

ಕಂಪೆನಿಯವರಿಗೆ ಕಣ್ಣೇ ಇಲ್ಲವೆಂದು ಒಂದು ಗುಂಪಿನ ವಾದ. ಬಾನ್ಯಾಯಾ ಆ ವರ್ಷ ಭಾನುವಾರದ 11 ಓಟಗಳನ್ನು ಗೆದ್ದ, ಮಾರ್ಟಿನ್ ಗೆದ್ದದ್ದು ಬರೀ 3, ಅಂಕ ಕೂಡಿಹಾಕಿದವನಿಗಿಂತ ಓಟ ಗೆದ್ದವನೇ ದೊಡ್ಡವನಲ್ಲವೇ ಎಂದು ಇನ್ನೊಂದು ಗುಂಪಿನ ವಾದ. ಮಾರನೆಯ ವರ್ಷ, ಅಂದರೆ 2025ರಲ್ಲಿ, ಮಾರ್ಕೆಸ್ ಡುಕಾಟಿಗೆ ಪ್ರಶಸ್ತಿ ತಂದುಕೊಟ್ಟ. ಏಪ್ರಿಲಿಯಾ ತಂಡ ಸೇರಿದ ಮಾರ್ಟಿನ್ ಬಿದ್ದು ಮೂಳೆ ಮುರಿದುಕೊಂಡು ಅನೇಕ ಓಟಗಳಿಗೆ ಇಳಿಯಲೇ ಇಲ್ಲ. ಎರಡನೆಯ ಗುಂಪಿಗೆ ಆಗ ಮತ್ತೆ ಬಾಯಿ ಬಂತು. ಹಿರಿಯರಾದ ನೀವಾದರೂ ಹೇಳಿ ಎಂದು ಹುಡುಗರು ನಮ್ಮ ಕಡೆ ತಿರುಗಿದಾಗ ನಮಗೆ ನೆನಪಾದದ್ದು ಮಾರ್ಟಿನನೂ ಅಲ್ಲ, ಮಾರ್ಕೆಸನೂ ಅಲ್ಲ. ಅರುವತ್ತು ವರ್ಷಗಳ ಹಿಂದೆ ಯುರೋಪಿನ ರಸ್ತೆಗಳಲ್ಲಿ ಅಲೆದ ಇಬ್ಬರು ಪರದೇಶಿಗಳು. ಅವರ ಕಥೆಯನ್ನು ಆ ಸಂಜೆ ಅರ್ಧ ಹೇಳಿದೆವು. ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ 'ಕಂಪೆನಿಯ ತಂಡ' ಎಂದರೇನೆಂಬುದನ್ನು ಓಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ವಿಶ್ವ ಚಾಂಪಿಯನ್‌ಷಿಪ್ ಎಂಬುದು 1949ರಲ್ಲಿ ಆರಂಭವಾಯಿತು. ಅಂದಿನಿಂದಲೇ ಓಟಗಾರರಲ್ಲಿ ಎರಡು ಜಾತಿ. ಕಂಪೆನಿಯು ಸಂಬಳ ಕೊಟ್ಟು, ತನ್ನ ಕಾರ್ಖಾನೆಯಲ್ಲಿ ಓಟಕ್ಕೆಂದೇ ಕಟ್ಟಿದ ಗಾಡಿಯನ್ನು, ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕುಗಳ ಸಮೇತ ಕೈಗೆ ಕೊಡುವುದು ಕೆಲವರಿಗೆ ಮಾತ್ರ. ಉಳಿದವರು ಅಂಗಡಿಯಲ್ಲಿ ಮಾರಾಟಕ್ಕೆ ಸಿಗುವ ಓಟದ ಗಾಡಿಯನ್ನು ಸ್ವಂತ ದುಡ್ಡಿನಿಂದ ಕೊಂಡು, ಸ್ವಂತ ಕೈಯಿಂದ ರಿಪೇರಿ ಮಾಡಿಕೊಂಡು, ಒಂದು ಹಳೆಯ ವ್ಯಾನಿನಲ್ಲಿ ಹೇರಿಕೊಂಡು ದೇಶದಿಂದ ದೇಶಕ್ಕೆ ಹೋಗುವವರು. ಈ ವಾರ ಹಾಲೆಂಡ್, ಬರುವ ವಾರ ಬೆಲ್ಜಿಯಂ, ಅದರ ಮುಂದೆ ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯ. ವ್ಯಾನೇ ಮನೆ, ವ್ಯಾನೇ ಅಡಿಗೆಮನೆ. ಓಟದ ಸಂಘಟಕರು ಭಾಗವಹಿಸಿದ್ದಕ್ಕೆಂದು ಕೊಡುತ್ತಿದ್ದ ಹಣವೇ ಜೀವನಾಧಾರ. ಸರ್ಕಸ್ ಕಂಪೆನಿಯಂತೆ ಊರೂರು ತಿರುಗುತ್ತಿದ್ದುದರಿಂದ ಈ ಗುಂಪಿಗೆ 'ಕಾಂಟಿನೆಂಟಲ್ ಸರ್ಕಸ್' ಎಂದೇ ಹೆಸರಾಗಿತ್ತು. ಇವರಲ್ಲಿ ಬಹುಮಂದಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ, ಇಂದು ಜಿಂಬಾಬ್ವೆಯಾಗಿರುವ ಅಂದಿನ ರೊಡೇಷಿಯ ಮೊದಲಾದ ದೂರದ ನಾಡುಗಳಿಂದ ಹಡಗು ಹತ್ತಿ ಬಂದವರು. ಹೊಟ್ಟೆಪಾಡಿಗೆಂದು ಊರು ಬಿಟ್ಟು ಮುಂಬಯಿಗೆ ಬಂದವರ ಮಕ್ಕಳಾದ ನಮಗೆ ಇವರ ಪಾಡು ವಿವರಿಸಿ ಹೇಳಬೇಕಾದ್ದಲ್ಲ.

ಜಿಮ್ ರೆಡ್‌ಮನ್ ಇಂಥ ಒಬ್ಬ. ಹುಟ್ಟಿದ್ದು ಲಂಡನ್ನಿನಲ್ಲಿ, 1931ರಲ್ಲಿ. 1952ರಲ್ಲಿ ರೊಡೇಷಿಯಕ್ಕೆ ವಲಸೆ ಹೋಗಿ, ಅಲ್ಲಿಯೇ ಓಟ ಕಲಿತು, 1958ರಲ್ಲಿ ಯುರೋಪಿಗೆ ಮರಳಿದ. ಅದೇ 1958ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಿಂದ ಇನ್ನೊಬ್ಬ ಬಂದಿಳಿದ. ಅವನ ಹೆಸರು ಜಾಕ್ ಫಿಂಡ್ಲೆ. 1935ರಲ್ಲಿ ಹುಟ್ಟಿದವನು, ಆಗ ವಯಸ್ಸು 23. ಇಬ್ಬರ ಬಳಿಯೂ ಒಂಟಿ ಸಿಲಿಂಡರಿನ ಬ್ರಿಟಿಷ್ ಗಾಡಿಗಳು. ಇಬ್ಬರಿಗೂ ಆಸೆ ಒಂದೇ. ಒಬ್ಬನಿಗೆ ಅದು ಎರಡು ವರ್ಷಗಳಲ್ಲಿ ಕೈಗೂಡಿತು, ಮತ್ತೊಬ್ಬನಿಗೆ ಹದಿನಾರು ವರ್ಷ ಬೇಕಾಯಿತು.

ರೆಡ್‌ಮನ್‌ಗೆ ಕೈಗೂಡಿದ ಬಗೆ ನಮ್ಮ ಮುಂಬಯಿಯ ಹಳಬರಿಗೆ ಚೆನ್ನಾಗಿ ಅರ್ಥವಾದೀತು. ಇಲ್ಲಿ ಬಟ್ಟೆ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಎಷ್ಟೋ ಮಂದಿ 'ಬದಲಿ'ಗಳಾಗಿ ಒಳಹೊಕ್ಕವರು. ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ನಿಂತಿರುವುದು. ಕಾಯಂ ಕೆಲಸಗಾರನೊಬ್ಬ ಜ್ವರವೆಂದು ಬಾರದೆ ಇದ್ದರೆ ಆ ದಿನದ ಮಟ್ಟಿಗೆ ಅವನ ಮಗ್ಗ ಇವನಿಗೆ. ರೆಡ್‌ಮನ್ ಹೋಂಡಾ ಕಂಪೆನಿಗೆ ಹೊಕ್ಕದ್ದೂ ಹಾಗೆಯೇ. ಹೋಂಡಾ 1959ರಲ್ಲಿ ಮೊದಲ ಸಲ ಬ್ರಿಟನ್ನಿನ ಪಕ್ಕದ ಮಾನ್ ದ್ವೀಪದ ಪ್ರಸಿದ್ಧ ಟಿ.ಟಿ. ಓಟಕ್ಕೆ ಬಂದಿತ್ತು. ಅಲ್ಲಿಯ ಒಂದು ಸುತ್ತು ಎಂದರೆ ಹಳ್ಳಿ, ಗುಡ್ಡ, ಸೇತುವೆಗಳ ನಡುವಿನ ಸುಮಾರು 60 ಕಿಲೋಮೀಟರ್ ರಸ್ತೆ. ಆ ಸಲದ 125 ಸಿ.ಸಿ. ಓಟದಲ್ಲಿ ಜಪಾನೀ ಸವಾರರು 6, 7, 8ನೆಯ ಸ್ಥಾನ ಪಡೆದು ತಂಡದ ಬಹುಮಾನವನ್ನೂ ಗೆದ್ದರು. ಯುರೋಪಿನ ರಸ್ತೆ ಬಲ್ಲವರು ಬೇಕೆಂದು 1960ರಲ್ಲಿ ಕಂಪೆನಿ ಆಸ್ಟ್ರೇಲಿಯದ ಟಾಮ್ ಫಿಲಿಸ್ ಮತ್ತು ಬಾಬ್ ಬ್ರೌನ್‌ರನ್ನು ಸೇರಿಸಿಕೊಂಡಿತು. ಆ ವರ್ಷ ಹಾಲೆಂಡಿನ ಆಸನ್ನಿನಲ್ಲಿ ಫಿಲಿಸ್ ಬಿದ್ದು ಗಾಯಗೊಂಡ. ಗಾಡಿ ಖಾಲಿ ನಿಂತಿತ್ತು. ಅಲ್ಲೇ ಇದ್ದ ಅವನ ಗೆಳೆಯ ರೆಡ್‌ಮನ್‌ಗೆ ಅದು ದೊರೆಯಿತು. ಆತ 125 ಸಿ.ಸಿ. ಓಟದಲ್ಲಿ ನಾಲ್ಕನೆಯವನಾಗಿ ಗಾಡಿಯನ್ನು ಕ್ಷೇಮವಾಗಿ ಹಿಂದಕ್ಕೆ ತಂದುಕೊಟ್ಟ. ಕಂಪೆನಿ ಆಮೇಲೆ ಆತನನ್ನು ಬಿಡಲಿಲ್ಲ.

ಮುಂದಿನದು ದಾಖಲೆ. 1962ರಲ್ಲಿ ಮತ್ತು 1963ರಲ್ಲಿ 250 ಹಾಗೂ 350 ಸಿ.ಸಿ. ಎರಡರಲ್ಲೂ ವಿಶ್ವವಿಜೇತ, 1964, 1965ರಲ್ಲಿ 350ರಲ್ಲಿ ಮತ್ತೆ. ಒಟ್ಟು ಆರು ಪ್ರಶಸ್ತಿ. 1964ರಲ್ಲಿ ಅದೇ ಆಸನ್ನಿನಲ್ಲಿ ಒಂದೇ ದಿನ ಮೂರು ವಿಭಾಗಗಳ ಓಟಗಳನ್ನು ಗೆದ್ದ. ಗೆಳೆಯ ಫಿಲಿಸನ ಅದೃಷ್ಟ ಬೇರೆಯಾಗಿತ್ತು. 1961ರ ಏಪ್ರಿಲ್‌ನಲ್ಲಿ ಬಾರ್ಸೆಲೋನಾದಲ್ಲಿ ಹೋಂಡಾಕ್ಕೆ ಮೊಟ್ಟಮೊದಲ ಗ್ರ್ಯಾನ್ ಪ್ರಿ ಗೆಲುವು ತಂದವನು, ಆ ವರ್ಷದ 125 ಸಿ.ಸಿ. ವಿಶ್ವವಿಜೇತ, 1962ರ ಜೂನ್‌ನಲ್ಲಿ ಟಿ.ಟಿ. ಓಟದಲ್ಲಿ ಬಿದ್ದು ತೀರಿಕೊಂಡ. ಬಾಬ್ ಬ್ರೌನ್ 1960ರಲ್ಲೇ ಜರ್ಮನಿಯ ಜೊಲಿಟೂಡಿನಲ್ಲಿ ಪ್ರಾಣ ಬಿಟ್ಟಿದ್ದ. ಕಂಪೆನಿಯ ತಂಡದಲ್ಲಿ ಸ್ಥಾನ ತೆರವಾಗುತ್ತಿದ್ದುದು ಅಂದು ಬಹುಪಾಲು ಹೀಗೆಯೇ ಎಂಬುದನ್ನು ಮರೆತು ಅರ್ಹತೆಯ ಲೆಕ್ಕ ಹಾಕಲಾಗದು.

ರೆಡ್‌ಮನ್‌ಗೆ ದೊರೆತದ್ದು ಗಾಡಿಯ ಭಾಗ್ಯವೆಂದು ಆಡಿಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ವೇಗವೊಂದನ್ನೇ ನೋಡಿದರೆ ಆತನಿಗಿಂತ ಮೈಕ್ ಹೇಲ್‌ವುಡ್ ಮೇಲು. ಆದರೆ ಕಂಪೆನಿಗೆ ಬೇಕಾದದ್ದು ವೇಗವೊಂದೇ ಅಲ್ಲ. ಗಾಡಿಯಲ್ಲಿ ಏನು ಸರಿಯಿಲ್ಲ ಎಂದು ಎಂಜಿನಿಯರಿಗೆ ತಿಳಿಯುವಂತೆ ಹೇಳಬೇಕು, ಅನಾವಶ್ಯಕವಾಗಿ ಬೀಳಬಾರದು, ಕೆಟ್ಟ ಎಂಜಿನ್ನನ್ನು ಸಹ ಗುರಿ ಮುಟ್ಟಿಸಬೇಕು. ರೆಡ್‌ಮನ್ ಇದನ್ನೆಲ್ಲ ಮಾಡಿದ. ಮೇಲಾಗಿ ತಂಡದ ನಾಯಕನಾಗಿ ಜಪಾನಿನವರೊಡನೆ ವ್ಯವಹಾರ ಕುದುರಿಸುವುದನ್ನೂ ಬಲ್ಲವನಾಗಿದ್ದ. 1966ರಲ್ಲಿ ಹೋಂಡಾ 500 ಸಿ.ಸಿ.ಗೆ ಇಳಿದಾಗ ಆ ಗಾಡಿ ಮೊದಲು ಹೋದದ್ದು ಹೇಲ್‌ವುಡ್‌ಗೆ ಅಲ್ಲ, ರೆಡ್‌ಮನ್‌ಗೆ. ಮೊದಲ ಎರಡು ಓಟ ಗೆದ್ದೂ ಬಿಟ್ಟ. ಬೆಲ್ಜಿಯಂನಲ್ಲಿ ಮಳೆಯಲ್ಲಿ ಬಿದ್ದು ಕೈ ಮುರಿದುಕೊಂಡು ಅಲ್ಲಿಗೆ ಓಟವನ್ನೇ ನಿಲ್ಲಿಸಿದ.

ಹೇಲ್‌ವುಡ್‌ನ ಹೆಸರು ಬಂತು. ಅರ್ಹತೆಯ ಪ್ರಶ್ನೆಯನ್ನು ಇನ್ನಷ್ಟು ಕಗ್ಗಂಟಾಗಿಸುವವನು ಆತ. ತಂದೆ ಸ್ಟಾನ್ ಹೇಲ್‌ವುಡ್ ಮೋಟಾರ್ ಸೈಕಲ್ ವ್ಯಾಪಾರದಲ್ಲಿ ಸಾಕಷ್ಟು ಗಳಿಸಿದವನು. ಹದಿನೇಳರ ಮಗನಿಗೆ ಮಾರುಕಟ್ಟೆಯಲ್ಲಿ ಸಿಗುವ ಅತ್ಯುತ್ತಮ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಅಪ್ಪನ ದುಡ್ಡಿನಿಂದ ಓಡುವ ಹುಡುಗನೆಂದು ವ್ಯಾನಿನವರೆಲ್ಲ ಮೂಗು ಮುರಿದದ್ದು ಸಹಜವೇ. 1961ರ ಟಿ.ಟಿ. ವಾರದಲ್ಲಿ ಈ ಹುಡುಗ, ಆಗ 21 ವರ್ಷದವನು, ಹೋಂಡಾದ ಮೇಲೆ 125 ಮತ್ತು 250 ಸಿ.ಸಿ. ಓಟಗಳನ್ನು, ನಾರ್ಟನ್ ಮೇಲೆ 500 ಸಿ.ಸಿ. ಓಟವನ್ನು ಗೆದ್ದ. ಆದರೆ ಸ್ವಲ್ಪ ಹತ್ತಿರದಿಂದ ನೋಡಿ. 250ರಲ್ಲಿ ಮುಂದಿದ್ದವನು ಸ್ಕಾಟ್ಲೆಂಡಿನ ಬಾಬ್ ಮೆಕಿಂಟೈರ್. ಕಡೆಯ ಸುತ್ತಿನಲ್ಲಿ ಅವನ ಎಂಜಿನ್ ಕಟ್ಟಿಕೊಂಡಿತು. 500ರಲ್ಲಿ ಮುಂದಿದ್ದವನು ಎಂ.ವಿ. ಆಗಸ್ಟಾ ಕಂಪೆನಿಯ ಗ್ಯಾರಿ ಹಾಕಿಂಗ್. ಅವನ ಗಾಡಿಯೂ ಕೆಟ್ಟಿತು. ಇನ್ನೊಂದೆಡೆ, 350ರಲ್ಲಿ ಹೇಲ್‌ವುಡ್‌ನೇ ಮುಂದಿದ್ದು ಅವನ ಎಂಜಿನ್ನೇ ಕೈಕೊಟ್ಟಿತ್ತು. ಒಂದೇ ವಾರದಲ್ಲಿ ಅದೃಷ್ಟವು ಎರಡು ಸಲ ಕೊಟ್ಟು ಒಂದು ಸಲ ಕಿತ್ತುಕೊಂಡಿತು. ಫಲಿತಾಂಶದ ಪಟ್ಟಿಯಲ್ಲಿ ಇದಾವುದೂ ಕಾಣುವುದಿಲ್ಲ. ಎಂ.ವಿ. ಕಂಪೆನಿಯವರು ಪಟ್ಟಿಯನ್ನು ನಂಬಿದರೋ ಹುಡುಗನನ್ನು ನಂಬಿದರೋ, ಅಂತೂ ಅದೇ ವರ್ಷ ಗಾಡಿ ಕೊಟ್ಟರು. 1962ರಿಂದ 1965ರವರೆಗೆ ನಾಲ್ಕೂ ವರ್ಷ 500ರಲ್ಲಿ ಆತನೇ ವಿಶ್ವವಿಜೇತ. ಅಪ್ಪನ ದುಡ್ಡು ಬಾಗಿಲವರೆಗೆ ತಂದದ್ದು ನಿಜ. ಒಳಗೆ ಹೋದ ಮೇಲೆ ಆತ ಮಾಡಿದ್ದನ್ನು ಯಾವ ದುಡ್ಡೂ ಮಾಡಿಸಲಾರದು.

ಹಾಗಾದರೆ ಕಂಪೆನಿಯವರು ನೋಡುತ್ತಿದ್ದುದಾದರೂ ಏನನ್ನು? ಅಂದಿನ ವ್ಯವಸ್ಥೆಯಲ್ಲಿ ಒಂದು ಅನುಕೂಲವಿತ್ತು. ವ್ಯಾನಿನವರಲ್ಲಿ ಬಹುತೇಕ ಎಲ್ಲರೂ ಓಡಿಸುತ್ತಿದ್ದುದು ಮಾಂಕ್ಸ್ ನಾರ್ಟನ್, ಮ್ಯಾಚ್‌ಲೆಸ್ ಜಿ-50 ಅಥವಾ ಎ.ಜೆ.ಎಸ್. ಗಾಡಿಗಳನ್ನೇ. 500 ಸಿ.ಸಿ.ಯ ಈ ಒಂಟಿ ಸಿಲಿಂಡರ್ ಗಾಡಿಗಳ ಬಲ ಸುಮಾರು 50 ಅಶ್ವಶಕ್ತಿ. ನಿಮ್ಮದೂ ಅಷ್ಟೆ, ನನ್ನದೂ ಅಷ್ಟೆ. ಆದ್ದರಿಂದ ಆ ಗುಂಪಿನೊಳಗೆ ಯಾರು ಮೊದಲು ಬರುತ್ತಾನೆಂದು ನೋಡಿದರೆ ಮನುಷ್ಯನ ಅಳತೆ ಸಿಗುತ್ತಿತ್ತು. ಮಳೆ ಬಂದರಂತೂ ಇನ್ನೂ ಸ್ಪಷ್ಟ. ಒದ್ದೆ ರಸ್ತೆಯಲ್ಲಿ ಹೆಚ್ಚಿನ ಅಶ್ವಶಕ್ತಿಯವನಿಗೆ ಅದನ್ನು ಬಳಸಲಾಗುವುದಿಲ್ಲ, ಕೈಯ ಹದವಷ್ಟೇ ಉಳಿಯುತ್ತದೆ. ಇನ್ನೊಂದು ದಾರಿ, ಬೇರೆ ಕಂಪೆನಿಯ ಗಾಡಿಯಲ್ಲಿ ನಮ್ಮನ್ನೇ ಸೋಲಿಸಿದವನನ್ನು ಕರೆದುಕೊಳ್ಳುವುದು. ಮೇಲೆ ಹೇಳಿದ ಹಾಕಿಂಗ್ 1959ರಲ್ಲಿ ಪೂರ್ವ ಜರ್ಮನಿಯ ಎಂ.ಜೆಡ್. ಗಾಡಿಯ ಮೇಲೆ ಸ್ವೀಡನ್ ಮತ್ತು ಅಲ್‌ಸ್ಟರ್ ಓಟಗಳಲ್ಲಿ ಎಂ.ವಿ.ಯವರನ್ನು ಸೋಲಿಸಿದ. ಎಂ.ವಿ.ಯವರು ಹೆಚ್ಚು ಯೋಚಿಸದೆ ಅವನನ್ನೇ ಸೇರಿಸಿಕೊಂಡರು. 1961ರಲ್ಲಿ ಆತ 350 ಮತ್ತು 500ರ ವಿಶ್ವವಿಜೇತನಾದ. ಫಿಲಿಸ್ ಸತ್ತ ಮೇಲೆ ಮನಸ್ಸು ಮುರಿದು ಮೋಟಾರ್ ಸೈಕಲ್ ಓಟವನ್ನೇ ಬಿಟ್ಟು ಕಾರಿನ ಓಟಕ್ಕೆ ಹೋದವನು, ಅದೇ ವರ್ಷದ ಡಿಸೆಂಬರ್‌ನಲ್ಲಿ ಡರ್ಬನ್ನಿನಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡದ್ದು ಬೇರೆ ಮಾತು.

ಈಗ ಫಿಂಡ್ಲೆಗೆ ಬರೋಣ. ಮೆಕಿಂಟೈರ್ ಹೆಸರನ್ನು ಓದುಗರು ನೆನಪಿಡಬೇಕು. 1957ರಲ್ಲಿ ಗಿಲೆರಾ ಕಂಪೆನಿಯ ಗಾಡಿಯ ಮೇಲೆ ಟಿ.ಟಿ.ಯಲ್ಲಿ ಗಂಟೆಗೆ 100 ಮೈಲಿಗಿಂತ ಹೆಚ್ಚಿನ ಸರಾಸರಿಯಲ್ಲಿ ಸುತ್ತು ಮುಗಿಸಿದ ಮೊದಲಿಗ ಆತ. 1962ರ ಆಗಸ್ಟ್‌ನಲ್ಲಿ ಆತನೂ ಓಟದ ಗಾಯಗಳಿಂದ ಸತ್ತ. ಅವನಿಗಾಗಿ ಕಟ್ಟಿದ್ದ, ಬೇರೆ ಚೌಕಟ್ಟಿನ ಒಂದು ಮ್ಯಾಚ್‌ಲೆಸ್ ಗಾಡಿಯಿತ್ತು. ಅದನ್ನು ಕೊಂಡವನು ಫಿಂಡ್ಲೆ. ಸತ್ತವನ ಗಾಡಿಯ ಮೇಲೆ ಆತ ವರ್ಷಗಟ್ಟಲೆ ಯುರೋಪನ್ನು ಸುತ್ತಿದ. 1966ರಲ್ಲಿ 500 ಸಿ.ಸಿ. ಚಾಂಪಿಯನ್‌ಷಿಪ್ಪಿನಲ್ಲಿ ಮೂರನೆಯವನಾದ. ಮುಂದಿದ್ದ ಇಬ್ಬರು ಯಾರು? ಎಂ.ವಿ. ಕಂಪೆನಿಯ ಜಕೊಮೊ ಆಗೊಸ್ಟಿನಿ ಮತ್ತು ಹೋಂಡಾ ಕಂಪೆನಿಯ ಹೇಲ್‌ವುಡ್. ಸ್ವಂತ ಗಾಡಿಯವರ ಪೈಕಿ ಫಿಂಡ್ಲೆಗಿಂತ ಮುಂದೆ ಯಾರೂ ಇರಲಿಲ್ಲ.

1968ರ ಆರಂಭದಲ್ಲಿ ಹೋಂಡಾ ಗ್ರ್ಯಾನ್ ಪ್ರಿಯಿಂದ ಹಿಂದೆ ಸರಿಯಿತು. ಹೇಲ್‌ವುಡ್ ಬೇರೆಯವರ ಗಾಡಿಯಲ್ಲಿ ಗ್ರ್ಯಾನ್ ಪ್ರಿ ಓಡದಿರಲೆಂದು ಹಣ ಕೊಟ್ಟು ಸುಮ್ಮನೆ ಕೂರಿಸಿತೆಂಬುದು ಆ ಕಾಲದ ಪ್ರಸಿದ್ಧ ಸಂಗತಿ. 500 ಸಿ.ಸಿ.ಯಲ್ಲಿ ಎಂ.ವಿ.ಗೆ ಎದುರಾಳಿಯೇ ಇಲ್ಲವಾಯಿತು. ಆ ವರ್ಷದ ಹತ್ತು ಓಟಗಳಲ್ಲಿ ಹತ್ತನ್ನೂ ಆಗೊಸ್ಟಿನಿಯೇ ಗೆದ್ದ. ಎರಡನೆಯವನನ್ನೂ ಒಂದು ಸುತ್ತು ಹಿಂದೆ ಹಾಕಿದ ಓಟಗಳು ಆ ವರ್ಷಗಳಲ್ಲಿ ಅಪರೂಪವಲ್ಲ. ವರ್ಷದ ಕಡೆಗೆ ಪಟ್ಟಿಯಲ್ಲಿ ಎರಡನೆಯ ಹೆಸರು ಫಿಂಡ್ಲೆಯದು. ಒಂದೂ ಓಟ ಗೆಲ್ಲದೆ, ತಯಾರಿಕೆಯೇ ನಿಂತುಹೋಗಿದ್ದ ಹಳೆಯ ಒಂಟಿ ಸಿಲಿಂಡರ್ ಗಾಡಿಯಲ್ಲಿ, ತಾನೇ ನಟ್ಟು ಬೋಲ್ಟು ಬಿಗಿದುಕೊಂಡು, ಜಗತ್ತಿನಲ್ಲಿ ಎರಡನೆಯವನು!

ಆಗಲಾದರೂ ಎಂ.ವಿ.ಯವರು ಕರೆಯಬಹುದಿತ್ತು. ಕರೆಯಲಿಲ್ಲ. ಇಟಲಿಯ ಗಾಡಿಯ ಮೇಲೆ ಇಟಲಿಯ ಸವಾರನಿರಬೇಕೆಂಬುದು ಕಂಪೆನಿಯ ಯಜಮಾನ ಕೌಂಟ್ ಆಗಸ್ಟಾನ ಹಂಬಲ. ಆಗೊಸ್ಟಿನಿಯಲ್ಲಿ ಅದು ಈಡೇರಿತ್ತು. 1970ರಲ್ಲಿ ಎರಡನೆಯ ಗಾಡಿಗೆ ಸವಾರ ಬೇಕಾದಾಗಲೂ ಆರಿಸಿದ್ದು ಇಟಲಿಯವನೇ ಆದ ಬೆರ್ಗಮೊಂತಿಯನ್ನು. ಊರಿನವನಿಗೆ ಮೊದಲ ಮಣೆ, ಹೊರಗಿನಿಂದ ಬಂದವನಿಗೆ ಮಿಕ್ಕಿದ್ದು ಎಂಬ ನ್ಯಾಯ ಪರಊರಿನಲ್ಲಿ ಬಾಳುವೆ ಮಾಡುವ ನಮಗೆ ಹೊಸದೇನಲ್ಲ. ಆದರೆ ಅಷ್ಟಕ್ಕೇ ಮಾತು ಮುಗಿಸಿದರೆ ಫಿಂಡ್ಲೆಗೆ ನ್ಯಾಯ ಮಾಡುವ ಭರದಲ್ಲಿ ಕಂಪೆನಿಗೆ ಅನ್ಯಾಯ ಮಾಡಿದಂತಾದೀತು.

ಕಂಪೆನಿಯವನ ಕುರ್ಚಿಯಲ್ಲಿ ಕುಳಿತು ನೋಡೋಣ. ಫಿಂಡ್ಲೆಯ ದೊಡ್ಡ ಗುಣವೆಂದರೆ ಹಳೆಯ ಗಾಡಿಯನ್ನು ಮುರಿಯದೆ ಕಡೆಯವರೆಗೆ ಒಯ್ಯುವುದು. ಗಾಡಿ ಮುರಿದರೆ ಬರುವ ವಾರದ ಊಟವಿಲ್ಲ ಎಂಬವನಿಗೆ ಅದು ತಾನಾಗಿ ಬರುವ ಗುಣ. ಆದರೆ ಎಂ.ವಿ.ಯಂಥ ಕಂಪೆನಿಗೆ ಎರಡನೆಯ ಸ್ಥಾನ ಬೇಕಾಗಿಯೇ ಇಲ್ಲ. ಅದಕ್ಕೆ ಬೇಕಾದವನು ಗಾಡಿಯ ಕೊನೆಯ ಹನಿ ಶಕ್ತಿಯನ್ನೂ ಹಿಂಡಿ ಗೆಲ್ಲುವವನು. ಉಳಿಸಿ ಬಾಳಿದವನಿಗೆ ಖರ್ಚು ಮಾಡುವ ಕೈ ಇದೆಯೇ ಎಂಬುದನ್ನು ಅವನ ಉಳಿತಾಯದ ಪುಸ್ತಕ ನೋಡಿ ಹೇಳುವುದು ಹೇಗೆ? ಇನ್ನೂ ಒಂದು ಪ್ರತಿಕೂಲ ಸಾಕ್ಷ್ಯವಿದೆ. 1969ರಲ್ಲಿ ಫಿಂಡ್ಲೆ ಇಟಲಿಯ ಲಿಂಟೋ ಎಂಬ ಹೊಸ ಎರಡು ಸಿಲಿಂಡರಿನ ಗಾಡಿಯನ್ನು ಓಡಿಸಿದ. ಅದು ಪದೇ ಪದೇ ಕೆಡುವ ಗಾಡಿ. ಅದೇ ಗಾಡಿಯ ಮೇಲೆ ಸ್ವಿಟ್ಜರ್ಲೆಂಡಿನ ಮಾರ್ಸೊವ್‌ಸ್ಕಿ ಆ ವರ್ಷ ಜಗತ್ತಿನಲ್ಲಿ ಎರಡನೆಯವನಾದ. ಫಿಂಡ್ಲೆ ಬಹಳ ಹಿಂದೆ ಉಳಿದ. ಎಂ.ವಿ.ಯವರು ಇದನ್ನು ನೋಡಿ, ಹಿಂದಿನ ವರ್ಷ ನಾವು ಕರೆಯದಿದ್ದುದೇ ಸರಿ ಎಂದುಕೊಂಡಿದ್ದರೆ ಅವರನ್ನು ದೂರಲಾರೆವು.

ಹಳೆಯ ಗಾಡಿಯಲ್ಲಿ ಮೆರೆದವನು ಹೊಸ ಗಾಡಿಯಲ್ಲೂ ಮೆರೆಯುತ್ತಾನೆಂಬ ಭರವಸೆಯಿಲ್ಲ ಎಂಬುದಕ್ಕೆ ನಮ್ಮ ಕಾಲದ ಒಂದು ನಿದರ್ಶನವೂ ಉಂಟು. 2020ರಲ್ಲಿ ಫ್ರಾಂಕೊ ಮೊರ್ಬಿಡೆಲಿ ಯಮಾಹಾದ ಹಿಂದಿನ ಮಾದರಿಯ ಗಾಡಿಯಲ್ಲಿ, ಕಂಪೆನಿಯದಲ್ಲದ ತಂಡದಲ್ಲಿದ್ದುಕೊಂಡು, ಮೂರು ಓಟ ಗೆದ್ದು ವರ್ಷದ ಎರಡನೆಯವನಾದ. ಇವನಿಗೆ ಕಂಪೆನಿಯ ಗಾಡಿ ಕೊಟ್ಟಿದ್ದರೆ ಎಂದು ಎಲ್ಲರೂ ನಿಟ್ಟುಸಿರಿಟ್ಟರು. 2021ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕಂಪೆನಿಯ ತಂಡಕ್ಕೆ ಸೇರಿಸಿಕೊಂಡರು. 2022ರಲ್ಲಿ ಆತ 19ನೆಯವ. ಕಾಲಿನ ನೋವೋ, ಹೊಸ ಗಾಡಿಯ ಸ್ವಭಾವವೋ, ಎರಡೂ ಇದ್ದೀತು.

ಇಷ್ಟಾದರೂ ನಮ್ಮ ತೀರ್ಪು ಫಿಂಡ್ಲೆಯ ಕಡೆಗೇ. ಆಗೊಸ್ಟಿನಿಯ ಜಾಗದಲ್ಲಿ ಅಲ್ಲ. ಆ ಮಾತನ್ನು ಅವನ ಅಭಿಮಾನಿಗಳೂ ಆಡಿಯಾರೆಂದು ತೋರುವುದಿಲ್ಲ. ಆದರೆ 1968ರ ಕಡೆಯಲ್ಲಿ ಯಾವುದಾದರೊಂದು ಕಂಪೆನಿಯ ಎರಡನೆಯ ಗಾಡಿ ಆತನದಾಗಬೇಕಿತ್ತು. ಇದು ಬರಿಯ ಅನುಕಂಪದ ಮಾತಲ್ಲ; ಮುಂದೆ ನಡೆದ ಸಂಗತಿಗಳ ಆಧಾರದಿಂದ ಹೇಳುತ್ತಿದ್ದೇವೆ.

1971ರಲ್ಲಿ ಆತ ಸುಝುಕಿಯ 500 ಸಿ.ಸಿ. ಎಂಜಿನ್ನಿಗೆ ಹೊಂದುವ ಬೇರೆಯೇ ಒಂದು ಚೌಕಟ್ಟನ್ನು ಇಟಲಿಯ ದಾನಿಯೆಲೆ ಫೊಂತಾನಾನೊಡನೆ ಸೇರಿ ಮಾಡಿಕೊಂಡ. ಜಾಕ್ ಮತ್ತು ದಾನಿಯೆಲೆ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ 'ಜಾಡಾ' ಎಂದು ಹೆಸರು. ಆ ವರ್ಷ ಅಲ್‌ಸ್ಟರ್ ಗ್ರ್ಯಾನ್ ಪ್ರಿಯನ್ನು ಸುಝುಕಿಯ ಮೇಲೆ ಗೆದ್ದ. 500 ಸಿ.ಸಿ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಟೂ ಸ್ಟ್ರೋಕ್ ಎಂಜಿನ್ನಿಗೆ ಅದೇ ಪ್ರಥಮ ಗೆಲುವು. ಯುರೋಪಿಗೆ ಬಂದು ಹದಿಮೂರು ವರ್ಷಗಳಾಗಿದ್ದವು, ವಯಸ್ಸು 36. 1973ರಲ್ಲಿ ಟಿ.ಟಿ.ಯ 500 ಸಿ.ಸಿ. ಓಟವನ್ನೂ ಗೆದ್ದ. ಈ ಎರಡೂ ಕಡೆ ಆಗೊಸ್ಟಿನಿ ಇರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಫಿಂಡ್ಲೆಯನ್ನೇ ನಡುವೆ ಇಟ್ಟು ಫ್ರಾನ್ಸಿನ ಜೆರೋಮ್ ಲಪೆರೂಸಾಜ್ ತೆಗೆದ 'ಕಾಂಟಿನೆಂಟಲ್ ಸರ್ಕಸ್' ಎಂಬ ಚಲನಚಿತ್ರ 1972ರಲ್ಲಿ ಬಿಡುಗಡೆಯಾಯಿತು. ಸಾಮಾನ್ಯವಾಗಿ ಗೆದ್ದವರ ಮೇಲೆ ಚಿತ್ರ ತೆಗೆಯುತ್ತಾರೆ. ಇದು ಎರಡನೆಯವನ ಮೇಲೆ ತೆಗೆದದ್ದು.

ಕೊನೆಗೆ 1974ರಲ್ಲಿ, 39ನೆಯ ವಯಸ್ಸಿನಲ್ಲಿ, ಸುಝುಕಿಯವರು ತಮ್ಮ ಹೊಚ್ಚ ಹೊಸ ನಾಲ್ಕು ಸಿಲಿಂಡರಿನ ಆರ್.ಜಿ. 500 ಗಾಡಿಯನ್ನು ಆತನ ಕೈಗೆ ಕೊಟ್ಟರು. ಜೊತೆಯ ಸವಾರ ಇಂಗ್ಲೆಂಡಿನ ಬ್ಯಾರಿ ಶೀನ್, ಆತನಿಗಿಂತ ಹದಿನೈದು ವರ್ಷ ಚಿಕ್ಕವನು, ಮುಂದೆ 1976 ಮತ್ತು 1977ರಲ್ಲಿ ಇದೇ ಮಾದರಿಯ ಮೇಲೆ ವಿಶ್ವವಿಜೇತನಾದವನು. ಹೊಸ ಗಾಡಿಗೆ ಬಾಲಗ್ರಹಗಳು ಸಾಕಷ್ಟಿದ್ದವು. ಆ ವರ್ಷದ ಪಟ್ಟಿಯಲ್ಲಿ ಶೀನ್ ಆರನೆಯವ. ಐದನೆಯವನು ಫಿಂಡ್ಲೆ. ಒಂದೇ ಕಂಪೆನಿ, ಒಂದೇ ಗಾಡಿ, ಒಂದೇ ವರ್ಷ. ಅಳತೆಗೋಲು ಇದಕ್ಕಿಂತ ಸಮನಾಗಿ ಆತನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ನಲವತ್ತಕ್ಕೆ ಒಂದು ಕಡಿಮೆಯಿದ್ದಾಗ ಇದನ್ನು ಮಾಡಿದವನು ಮೂವತ್ತಮೂರರಲ್ಲಿ ಏನು ಮಾಡುತ್ತಿದ್ದನೆಂದು ಯೋಚಿಸದೆ ಇರಲು ನಮ್ಮಿಂದಾಗದು.

ಮುಂದಿನ ವರ್ಷ ಆತ ಯಮಾಹಾ ಕೊಂಡು 750 ಸಿ.ಸಿ. ಸರಣಿಗೆ ಹೋಗಿ, 1975ರ ಆ ಪ್ರಶಸ್ತಿಯನ್ನು ಗೆದ್ದ. ಅಲ್ಲಿ ಎರಡನೆಯವನಾಗಿ ನಿಂತವನು, ಹುಡುಗರೇ ಕೇಳಿ, ಅದೇ ಶೀನ್.

ಇಲ್ಲಿ ನಮ್ಮ ನಾಡಿನ ಒಂದು ಪ್ರಸ್ತಾಪ ಅಪ್ರಸ್ತುತವಾಗಲಾರದು. ಮೈಸೂರಿನ ಜಾವಾ, ಯೆಜ್ದಿ ಗಾಡಿಗಳ ಸದ್ದು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ ಹಳೆಯ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ನಡೆಯುತ್ತಿದ್ದ ಓಟಗಳನ್ನು ಕಂಡವರೂ ಇದ್ದಾರು. ಆದರೆ ನಮ್ಮವನೊಬ್ಬನಿಗೆ ಕಂಪೆನಿಯ ಗಾಡಿಯಲ್ಲಿ ಜಗತ್ತಿನ ಓಟಕ್ಕಿಳಿಯುವ ಯೋಗ ಬಂದದ್ದು ಬಹಳ ತಡವಾಗಿ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಮರಳುಗಾಡಿನ ಡಾಕಾರ್ ರ್‍ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯರಾಗಿ, ಅದನ್ನು 36ನೆಯ ಸ್ಥಾನದಲ್ಲಿ ಮುಗಿಸಿಯೂ ಮುಗಿಸಿದರು. ಆಮೇಲೆ ಹೀರೋ ಕಂಪೆನಿ ತನ್ನ ತಂಡ ಕಟ್ಟಿದಾಗ 2017ರ ಡಾಕಾರಿಗೆ ಅವರನ್ನು ಆರಿಸಿತು. ಉಡುಪಿಯ ಕೆ. ಪಿ. ಅರವಿಂದ್ ಅವರದು ಇದರ ವಿರುದ್ಧ ಕ್ರಮ. ಟಿ.ವಿ.ಯ 'ಬಿಗ್ ಬಾಸ್' ನೋಡುವ ಮನೆಗಳಲ್ಲಿ ಅವರ ಪರಿಚಯ ಹೇಳಬೇಕಾಗಿಲ್ಲ. ಟಿ.ವಿ.ಎಸ್. ಕಂಪೆನಿ ಅವರಿಗೆ 2017ರಲ್ಲಿ ಗಾಡಿ ಕೊಟ್ಟಿತು. ಗಾಯಗೊಂಡು ಅರ್ಧದಲ್ಲೇ ನಿಲ್ಲಬೇಕಾಯಿತು. 2018ರಲ್ಲಿ ಮತ್ತೆ ಕೊಟ್ಟಿತು, ಮತ್ತೆ ಮುಗಿಸಲಾಗಲಿಲ್ಲ. 2019ರಲ್ಲಿ ಮೂರನೆಯ ಸಲ ಕೊಟ್ಟಿತು. ಅವರು 37ನೆಯವರಾಗಿ ಮುಗಿಸಿದರು. ಮೊದಲ ಎರಡು ವರ್ಷದ ಪಟ್ಟಿಯನ್ನಷ್ಟೇ ಓದಿದ್ದರೆ ಮೂರನೆಯ ಗಾಡಿ ಬರುತ್ತಿರಲಿಲ್ಲ. ಗೆಲುವಿನ ಮೊದಲೇ ನಂಬಿಕೆಯಿಡುವ ಕಂಪೆನಿಗಳೂ ಉಂಟೆಂದು ಹೇಳಲಿಕ್ಕಾಗಿ ಇದನ್ನು ನೆನೆದೆವು.

ಫಿಂಡ್ಲೆಯ ಕಡೆಯ ಗೆಲುವಿನ ಬಗ್ಗೆ ಹೇಳಲು ನಮಗೆ ಸ್ವಲ್ಪ ಸಂಕೋಚ. 1977ರ ಮೇ 1ರಂದು ಆಸ್ಟ್ರಿಯದ ಜಾಲ್ಟ್ಸ್‌ಬರ್ಗ್ ಬಳಿಯ ಓಟದ ರಸ್ತೆಯಲ್ಲಿ 350 ಸಿ.ಸಿ. ವಿಭಾಗದಲ್ಲಿ ಭೀಕರ ಅಪಘಾತವಾಗಿ ಸ್ವಿಟ್ಜರ್ಲೆಂಡಿನ ಹಾನ್ಸ್ ಸ್ಟಾಡೆಲ್‌ಮನ್ ಸತ್ತ, ಹಲವರು ಗಾಯಗೊಂಡರು. ವೈದ್ಯಕೀಯ ನೆರವು ಸಾಲದೆಂದು ಪ್ರತಿಭಟಿಸಿ ದೊಡ್ಡ ಸವಾರರೆಲ್ಲ 500ರ ಓಟಕ್ಕೆ ಇಳಿಯಲಿಲ್ಲ. ಇಳಿದವರಲ್ಲಿ ಫಿಂಡ್ಲೆ ಒಬ್ಬ. 42ನೆಯ ವಯಸ್ಸಿನಲ್ಲಿ ಗೆದ್ದ. ಇಳಿಯಬಾರದಿತ್ತೆಂದು ನಮಗನಿಸುತ್ತದೆ. ಆದರೆ ಇಪ್ಪತ್ತು ವರ್ಷ ವ್ಯಾನಿನಲ್ಲಿ ಮಲಗಿದವನಿಗೆ ಇಳಿಯದೆ ಇರುವುದನ್ನು ಯಾರೂ ಕಲಿಸಿರಲಿಲ್ಲ. ಮಾರನೆಯ ವರ್ಷ ಓಟ ನಿಲ್ಲಿಸಿದ.

ಅನಂತರ, 1990ರ ದಶಕದಲ್ಲಿ, ಆತ ಅಂತಾರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ತಾಂತ್ರಿಕ ಅಧಿಕಾರಿಯಾಗಿ ಗ್ರ್ಯಾನ್ ಪ್ರಿಗಳಿಗೆ ಬರುತ್ತಿದ್ದ. ಹೋಂಡಾ, ಯಮಾಹಾ, ಸುಝುಕಿ ಕಂಪೆನಿಗಳ ಗಾಡಿಗಳು ಓಟಕ್ಕೆ ಇಳಿಯಬೇಕಾದರೆ ನಿಯಮದಂತೆ ಇವೆಯೆಂದು ಪರೀಕ್ಷಿಸಿ ಒಪ್ಪಿಗೆ ಕೊಡುವುದು ಅವನ ಕೆಲಸವಾಗಿತ್ತು. 2007ರಲ್ಲಿ ತೀರಿಕೊಂಡ.